ಜೈಲಿನೊಳಗೆ ಚಿತ್ರಕಲೆ ಕಲಿಸಲು ಹೊರಟವರಿಗೆ

ಜೈಲಿನಲ್ಲಿ ಚಿತ್ರಕಲೆಯ ತರಗತಿ ನಡೆಸಬೇಕೆಂದು ಬಯಸುವ ಕಿರಿಯ ಕಲಾವಿದರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಬಣ್ಣ ಒಯ್ಯಬೇಕು, ಎಷ್ಟು ಜನ ಬರುತ್ತಾರೆ, ಒಳಗೆ ಭಯವಾಗುವುದಿಲ್ಲವೇ ಎಂಬ ಪ್ರಶ್ನೆಗಳನ್ನು. ಅವುಗಳಿಗೆ ಉತ್ತರಿಸುವ ಮೊದಲು ಒಂದು ಮಾತನ್ನು ಹೇಳುವುದು ಅಗತ್ಯ. ಜೈಲಿನೊಳಗಿರುವ ವ್ಯಕ್ತಿ ಎಷ್ಟು ಹೊತ್ತಿಗೆ ಏಳಬೇಕು, ಯಾವಾಗ ಉಣ್ಣಬೇಕು, ಯಾವ ಬ್ಯಾರಕ್ಕಿನಲ್ಲಿ ಯಾರ ಪಕ್ಕ ಮಲಗಬೇಕು, ಮನೆಯವರನ್ನು ಎಂದು ನೋಡಬೇಕು ಎಂಬುದನ್ನೆಲ್ಲ ಬೇರೆಯವರು ತೀರ್ಮಾನಿಸಿರುತ್ತಾರೆ. ಅವನ ಮುಂದೆ ಒಂದು ಬಿಳಿ ಹಾಳೆಯನ್ನಿಟ್ಟಾಗ, ಗೆರೆ ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ ಅವನೇ ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನವನ್ನು ಅವನ ಕೈಯಲ್ಲೇ ಉಳಿಸುವುದು ಶಿಕ್ಷಕನ ಮುಖ್ಯ ಕೆಲಸ. ಬಣ್ಣದ ಆಯ್ಕೆಯಿಂದ ಹಿಡಿದು ಪ್ರದರ್ಶನದ ಒಪ್ಪಿಗೆಯವರೆಗೆ ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ಅನುಮತಿ ಮತ್ತು ಮೊದಲ ಭೇಟಿ

ಸಂವಿಧಾನದ ಪ್ರಕಾರ ಕಾರಾಗೃಹಗಳು ರಾಜ್ಯ ಪಟ್ಟಿಗೆ ಸೇರಿದ ವಿಷಯವಾದ್ದರಿಂದ ಪ್ರತಿ ರಾಜ್ಯಕ್ಕೂ ತನ್ನದೇ ನಿಯಮಗಳಿವೆ. ಕರ್ನಾಟಕದಲ್ಲಿ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಗೆ ಅರ್ಜಿ ಹಾಕಬೇಕು. ಅದಕ್ಕೂ ಮೊದಲು ಆಯಾ ಜೈಲಿನ ಅಧೀಕ್ಷಕರನ್ನು ಕಂಡು ಮಾತನಾಡಿದರೆ ಕೆಲಸ ಸುಗಮವಾಗುತ್ತದೆ. ಅರ್ಜಿಯಲ್ಲಿ ಕಲೆಯ ಮಹತ್ವವನ್ನು ವರ್ಣಿಸುವುದಕ್ಕಿಂತ ಎಷ್ಟು ವಾರ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಜನ, ಒಳಗೆ ತರುವ ಸಾಮಗ್ರಿ ಯಾವುದು, ಹೊರಗೆ ಒಯ್ಯುವುದು ಏನು ಎಂಬುದನ್ನು ನಿಖರವಾಗಿ ಬರೆಯಿರಿ. ಭದ್ರತೆಗೆ ಹೊಣೆಗಾರರಾದ ಅಧಿಕಾರಿಗಳಿಗೆ ಬೇಕಾದುದು ಆ ವಿವರ. ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿಯು ಬಂದಿಗಳ ಶಿಕ್ಷಣಕ್ಕೂ ಸಾಂಸ್ಕೃತಿಕ ಚಟುವಟಿಕೆಗಳಿಗೂ ಅವಕಾಶ ಕಲ್ಪಿಸಿರುವುದನ್ನು ಅರ್ಜಿಯಲ್ಲಿ ಉಲ್ಲೇಖಿಸಬಹುದು.

ನಮ್ಮ ರಾಜ್ಯದಲ್ಲಿ ಈ ದಾರಿಯನ್ನು ಮೊದಲು ಸವೆಸಿದವರು ರಂಗಭೂಮಿಯವರು. ರಂಗಾಯಣದ ಕಲಾವಿದರಾಗಿದ್ದ ಹುಲುಗಪ್ಪ ಕಟ್ಟೀಮನಿಯವರು ತೊಂಬತ್ತರ ದಶಕದ ಕೊನೆಯಿಂದ ಬಂದಿಗಳಿಗೆ ನಾಟಕ ಕಲಿಸಿ, ಅವರನ್ನು ಜೈಲಿನ ಹೊರಗಿನ ರಂಗಮಂದಿರಗಳಲ್ಲಿಯೂ ಪ್ರೇಕ್ಷಕರ ಮುಂದೆ ನಿಲ್ಲಿಸಿದರು. ಇಂದು ಅಧಿಕಾರಿಯೊಬ್ಬರು ಚಿತ್ರಕಲೆಯ ತರಗತಿಗೆ ಸುಲಭವಾಗಿ ತಲೆಯಾಡಿಸುತ್ತಾರೆಂದರೆ ಅದರ ಹಿಂದೆ ಆ ನಾಟಕ ತಂಡಗಳು ವರ್ಷಗಟ್ಟಲೆ ಉಳಿಸಿಕೊಂಡು ಬಂದ ನಂಬಿಕೆ ಇದೆ. ನಾಟಕಕ್ಕೆ ತಿಂಗಳುಗಟ್ಟಲೆ ಅದೇ ಜನ, ಅದೇ ತಾಲೀಮು ಬೇಕಾಗುತ್ತದೆ. ಚಿತ್ರಕ್ಕೆ ಒಂದು ಹಾಳೆ, ಕುಳಿತುಕೊಳ್ಳುವಷ್ಟು ನೆಲ ಇದ್ದರೆ ಸಾಕು. ಜೈಲಿನ ಮಟ್ಟಿಗೆ ಇದು ಸಣ್ಣ ಅನುಕೂಲವಲ್ಲ.

ಮೊದಲ ಭೇಟಿಯಲ್ಲಿ ಏನನ್ನೂ ಕಲಿಸಬೇಡಿ. ತರಗತಿಗೆ ಕೊಡುವ ಜಾಗ ಯಾವುದು, ಬೆಳಕು ಯಾವ ಕಡೆಯಿಂದ ಬರುತ್ತದೆ, ನೀರು ಎಲ್ಲಿದೆ, ಮಧ್ಯಾಹ್ನದ ಎಣಿಕೆ ಎಷ್ಟು ಹೊತ್ತಿಗೆ ಎಂಬುದನ್ನು ನೋಡಿಕೊಂಡು ಬನ್ನಿ. ಎಣಿಕೆಯ ಗಂಟೆ ಹೊಡೆದರೆ ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ಏಳಲೇಬೇಕು. ಅದಕ್ಕೆ ಹದಿನೈದು ನಿಮಿಷ ಮುಂಚೆಯೇ ತರಗತಿ ಮುಗಿಯುವಂತೆ ವೇಳೆಯನ್ನು ಹೊಂದಿಸಿಕೊಳ್ಳಬೇಕು. ಅರ್ಧ ಒಣಗಿದ ಬಣ್ಣವನ್ನು ಬಿಟ್ಟು ಓಡಿಹೋಗಬೇಕಾದವನು ಮುಂದಿನ ವಾರ ಬರಲು ಹಿಂಜರಿಯುತ್ತಾನೆ.

ಒಂದೇ ದಿನಕ್ಕೆ ಮುಗಿಯುವ ಪಾಠ

ಕಲಾಶಾಲೆಯಲ್ಲಿ ಕಲಿತು ಬಂದವರು ಇಲ್ಲಿ ಮಾಡುವ ದೊಡ್ಡ ತಪ್ಪೆಂದರೆ ಹನ್ನೆರಡು ವಾರಗಳ ಪಠ್ಯಕ್ರಮವನ್ನು ಮೆಟ್ಟಿಲಿನಂತೆ ಕಟ್ಟಿಕೊಂಡು ಬರುವುದು. ಮೊದಲ ವಾರ ಗೆರೆ, ಎರಡನೆಯ ವಾರ ಆಕಾರ, ಮೂರನೆಯ ವಾರ ನೆರಳು ಎಂಬ ಈ ಕ್ರಮ ಹೊರಗೆ ಸರಿ. ಜೈಲಿನಲ್ಲಿ ಕುಳಿತಿರುವವರಲ್ಲಿ ಬಹುಪಾಲು ಜನರ ವಿಚಾರಣೆಯೇ ಮುಗಿದಿರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಅವರಿಗೆ ಈ ವಾರ ಜಾಮೀನು ಸಿಗಬಹುದು, ಮುಂದಿನ ವಾರ ನ್ಯಾಯಾಲಯದ ತಾರೀಖು ಬರಬಹುದು, ಆಚೆ ವಾರ ಬೇರೆ ಊರಿನ ಜೈಲಿಗೆ ವರ್ಗವಾಗಬಹುದು. ಸಜಾ ಬಂದಿಗಳು ಹೆಚ್ಚು ಕಾಲ ಇರುತ್ತಾರೆ, ಆದರೆ ಅವರಿಗೆ ಅಡುಗೆಮನೆ, ನೇಯ್ಗೆ, ಬೇಕರಿ ಎಂದು ಕೆಲಸದ ಪಾಳಿ ಇರುತ್ತದೆ.

ಆದ್ದರಿಂದ ಪ್ರತಿ ತರಗತಿಯೂ ಆ ವ್ಯಕ್ತಿಗೆ ಸಿಗುವ ಏಕೈಕ ತರಗತಿ ಎಂದು ಭಾವಿಸಿ ಪಾಠವನ್ನು ರೂಪಿಸಬೇಕು. ಒಂದೂವರೆ ಗಂಟೆಯಲ್ಲಿ ಆರಂಭವಾಗಿ, ಅಲ್ಲೇ ಮುಗಿದು, ಅವನ ಹೆಸರಿನ ಕೆಳಗೆ ಪೂರ್ಣವಾಗಿ ನಿಲ್ಲುವ ಒಂದು ಚಿತ್ರ ಕೈಗೆ ಬರಬೇಕು. ಹತ್ತು ವಾರ ಬಂದವನಿಗೆ ಅದೇ ಪಾಠದೊಳಗೆ ಇನ್ನಷ್ಟು ಆಳಕ್ಕೆ ಇಳಿಯುವ ಅವಕಾಶವೂ ಇರಬೇಕು. ಇದು ಸುಲಭವಲ್ಲ. ನಾನು ಒಂದು ಪಾಠವನ್ನು ಒಳಗೆ ಒಯ್ಯುವ ಮೊದಲು ಮನೆಯಲ್ಲಿ ಗಡಿಯಾರ ಮುಂದಿಟ್ಟುಕೊಂಡು, ಎಡಗೈಯಿಂದ ಒಮ್ಮೆ ಮಾಡಿ ನೋಡುತ್ತೇನೆ. ಪೆನ್ಸಿಲ್ ಹಿಡಿದು ಅಭ್ಯಾಸವಿಲ್ಲದ ಕೈಗೆ ಎಷ್ಟು ಸಮಯ ಹಿಡಿಯುತ್ತದೆ ಎಂಬುದು ಆಗಷ್ಟೇ ತಿಳಿಯುತ್ತದೆ.

ಸಾಮಗ್ರಿ

ಜೈಲಿನ ಗೇಟಿನಲ್ಲಿ ನಿಮ್ಮ ಚೀಲವನ್ನು ಪೂರ್ತಿ ಬಿಚ್ಚಿ ನೋಡುತ್ತಾರೆ. ಬ್ಲೇಡು, ಕತ್ತರಿ, ಗಾಜು, ತಂತಿ, ಹಗ್ಗ, ಮೊಬೈಲು ಒಳಗೆ ಹೋಗುವಂತಿಲ್ಲ ಎಂಬುದನ್ನು ಯಾರಾದರೂ ಊಹಿಸಬಹುದು. ಊಹೆಗೆ ಸಿಗದವು ಇನ್ನೂ ಕೆಲವಿವೆ. ಪೆನ್ಸಿಲ್ ಕೆತ್ತುವ ಸಣ್ಣ ಶಾರ್ಪನರಿನಲ್ಲಿ ಬ್ಲೇಡು ಇರುತ್ತದೆ. ಸ್ಪೈರಲ್ ಹಾಕಿದ ಚಿತ್ರಪುಸ್ತಕದಲ್ಲಿ ಉದ್ದನೆಯ ತಂತಿ ಇರುತ್ತದೆ. ಪರೀಕ್ಷೆಗೆ ಒಯ್ಯುವ ರಟ್ಟಿನ ಪ್ಯಾಡಿಗೆ ಕಬ್ಬಿಣದ ಕ್ಲಿಪ್ಪು ಇರುತ್ತದೆ. ಟರ್ಪೆಂಟೈನ್, ಥಿನ್ನರ್, ವೈಟ್ನರ್ ಮುಂತಾದವನ್ನು ನಶೆಗಾಗಿ ಮೂಸುವವರಿದ್ದಾರೆ, ಆದ್ದರಿಂದ ಎಣ್ಣೆಬಣ್ಣದ ಮಾತೇ ಬೇಡ. ಕಪ್ಪು ಇಂಡಿಯನ್ ಇಂಕಿನಿಂದ ಹಚ್ಚೆ ಹಾಕಿಕೊಳ್ಳುತ್ತಾರೆ. ಒಂದೇ ಸೂಜಿ ಹಲವರ ಮೈಗೆ ತಗುಲಿ ರೋಗ ಹರಡುವುದರಿಂದ ಅದನ್ನೂ ಬಿಡುವುದು ಒಳ್ಳೆಯದು.

ಇಷ್ಟೆಲ್ಲ ಬಿಟ್ಟ ಮೇಲೂ ಉಳಿಯುವುದು ಬೇಕಾದಷ್ಟಿದೆ. ಬಿಡಿ ಡ್ರಾಯಿಂಗ್ ಶೀಟು, ಕ್ಲಿಪ್ಪಿಲ್ಲದ ರಟ್ಟು, ಆಯಿಲ್ ಪಾಸ್ಟೆಲ್, ಇದ್ದಿಲು, ಪ್ಲಾಸ್ಟಿಕ್ ಡಬ್ಬಿಯ ಪೋಸ್ಟರ್ ಕಲರ್ ಮತ್ತು ಮೊದಲೇ ಕೆತ್ತಿಟ್ಟ ಪೆನ್ಸಿಲ್‌ಗಳು ಸಾಕು. ಪೆನ್ಸಿಲ್ ಮೊಂಡಾದರೆ ರಟ್ಟಿನ ತುಂಡಿಗೆ ಅಂಟಿಸಿದ ಸ್ಯಾಂಡ್‌ಪೇಪರಿನ ಮೇಲೆ ತಿರುಗಿಸಿ ಉಜ್ಜಿದರೆ ಮೊನೆ ಬರುತ್ತದೆ. ಹಾಗೆ ಉಜ್ಜಿ ಬಂದ ಸೀಸದ ಪುಡಿಯನ್ನು ಬೆರಳಿನಿಂದ ಹಾಳೆಯ ಮೇಲೆ ಸವರಿ ನೆರಳು ತರುವುದನ್ನು ನನಗೆ ತೋರಿಸಿಕೊಟ್ಟವರು ಒಳಗಿನ ವಿದ್ಯಾರ್ಥಿಯೊಬ್ಬರೇ.

ಎಣಿಸಿ ಕೊಡುವುದು, ಎಣಿಸಿ ತೆಗೆದುಕೊಳ್ಳುವುದು ತಪ್ಪಬಾರದು. ಆರಂಭದ ದಿನಗಳಲ್ಲಿ ನಾನು ಪೆನ್ಸಿಲ್‌ಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಒಂದು ದಿನ ಕೊನೆಯಲ್ಲಿ ಒಂದು ಪೆನ್ಸಿಲ್ ಕಡಿಮೆ ಬಂತು. ಇಪ್ಪತ್ತು ಜನರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮೈ ತಡವಿ ಹುಡುಕಿದರು. ಮುಕ್ಕಾಲು ಗಂಟೆಯ ನಂತರ ಅದು ನನ್ನದೇ ಹಾಳೆಗಳ ಕಟ್ಟಿನ ನಡುವೆ ಸಿಕ್ಕಿತು. ಆ ದಿನ ಅವರು ಬರೆದ ಚಿತ್ರಗಳ ಸಂತೋಷವೆಲ್ಲ ನನ್ನ ಅಜಾಗರೂಕತೆಯಿಂದ ಅವಮಾನವಾಗಿ ಮುಗಿಯಿತು. ಮರುವಾರವೇ ಬಡಗಿಯೊಬ್ಬರ ಬಳಿ ಇಪ್ಪತ್ನಾಲ್ಕು ತೂತುಗಳಿರುವ ಮರದ ಹಲಗೆಯೊಂದನ್ನು ಮಾಡಿಸಿದೆ. ಪ್ರತಿ ತೂತಿನಲ್ಲಿ ಒಂದು ಪೆನ್ಸಿಲ್ ನಿಲ್ಲುತ್ತದೆ. ಖಾಲಿ ತೂತು ದೂರದಿಂದಲೇ ಕಾಣುವುದರಿಂದ ಎಣಿಕೆಗೆ ಅರ್ಧ ನಿಮಿಷ ಸಾಕು, ಯಾರ ಮೇಲೂ ಅನುಮಾನ ಬೀಳುವ ಪ್ರಸಂಗ ಬರುವುದಿಲ್ಲ. ನೀವು ಮೊದಲ ದಿನದಿಂದಲೇ ಇಂಥದೊಂದು ಹಲಗೆಯನ್ನು ಇಟ್ಟುಕೊಳ್ಳಿ.

ಮೊದಲ ಗೆರೆ

ನಿಮ್ಮ ಮುಂದೆ ಕುಳಿತವರಲ್ಲಿ ಶಾಲೆಯ ಮುಖ ನೋಡದವರು ಇರುತ್ತಾರೆ. ಅವರಿಗೆ ಪೆನ್ಸಿಲ್ ಎಂದರೆ ಓದಿದವರ ವಸ್ತು, ಹಾಳೆ ಎಂದರೆ ಸಹಿ ಹಾಕಿಸಿಕೊಳ್ಳುವ ಕಾಗದ. ಶಾಲೆಗಳಲ್ಲಿ ಮಕ್ಕಳಿಗೆ ಹೆಬ್ಬೆಟ್ಟನ್ನು ಬಣ್ಣದಲ್ಲದ್ದಿ ಒತ್ತಿಸಿ ಹಕ್ಕಿ, ಮೀನು ಮಾಡಿಸುವ ಚಟುವಟಿಕೆಯೊಂದಿದೆ. ದಯವಿಟ್ಟು ಅದನ್ನು ಇಲ್ಲಿ ಮಾಡಿಸಬೇಡಿ. ಅವರ ಬೆರಳುಗಳಿಗೆ ಪೊಲೀಸರು ಆಗಲೇ ಮಸಿ ಹಚ್ಚಿ ಅಚ್ಚು ತೆಗೆದಿರುತ್ತಾರೆ.

ನಾನು ಮೊದಲ ದಿನ ಕೇಳುವುದು ಒಂದು ದಾರಿಯ ಚಿತ್ರವನ್ನು. ‘ನಿಮಗೆ ಕಣ್ಣು ಮುಚ್ಚಿದರೂ ತಪ್ಪದಷ್ಟು ಚೆನ್ನಾಗಿ ಗೊತ್ತಿರುವ ಯಾವುದಾದರೂ ಒಂದು ದಾರಿಯನ್ನು ಬರೆಯಿರಿ, ದಾರಿಯಲ್ಲಿ ಏನೇನು ಸಿಗುತ್ತದೋ ಅದನ್ನೂ ಗುರುತು ಮಾಡಿ’ ಎಂದಷ್ಟೇ ಹೇಳುತ್ತೇನೆ. ದಾರಿ ಬರೆಯಲು ಕಲೆ ಬರಬೇಕಾಗಿಲ್ಲ, ಎರಡು ಗೆರೆ ಎಳೆದರೆ ದಾರಿ ಆಯಿತು. ಮನೆಯ ದಾರಿಯನ್ನೇ ಬರೆಯಿರಿ ಎಂದು ಮಾತ್ರ ಹೇಳಬಾರದು. ಕೆಲವರಿಗೆ ಮನೆಯ ನೆನಪು ತಡೆಯಲಾಗದ್ದು, ಇನ್ನು ಕೆಲವರ ಪಾಲಿಗೆ ಎಲ್ಲ ನಡೆದದ್ದೂ ಆ ಮನೆಯಲ್ಲೇ. ಯಾವ ದಾರಿ ಎಂಬುದನ್ನು ಅವರೇ ಆರಿಸಿಕೊಳ್ಳಲಿ.

ಅರವತ್ತು ದಾಟಿದ ರೈತರೊಬ್ಬರು ಆರಂಭದಲ್ಲಿ ‘ಇದೆಲ್ಲ ನಮ್ಮಂಥೋರಿಗಲ್ಲ ಮೇಷ್ಟ್ರೇ’ ಎಂದು ಹಾಳೆಯನ್ನು ಪಕ್ಕಕ್ಕೆ ಸರಿಸಿದ್ದರು. ನಾನು ಒತ್ತಾಯಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕೆರೆಯ ಏರಿಯಿಂದ ತಮ್ಮ ಹೊಲದವರೆಗಿನ ದಾರಿಯನ್ನು ಬರೆದು, ತಿರುವಿನಲ್ಲೊಂದು ಹುಣಸೆಮರವನ್ನು ನಿಲ್ಲಿಸಿ, ಅದರ ಎಲೆಗಳನ್ನು ಬರೆಯಲು ಕುಳಿತಿದ್ದರು. ಮರ ಎಂದರೆ ಕೋಲಿನ ಮೇಲೊಂದು ಉಂಡೆ ಎಂದು ಬಿಡಲಿಲ್ಲ. ಕಡ್ಡಿಗೆ ಎರಡೂ ಕಡೆ ಜೋಡಿಜೋಡಿಯಾಗಿ ಹುಣಸೆಯ ಸಣ್ಣ ಎಲೆಗಳನ್ನು ಒಂದೊಂದಾಗಿ ಇಡುತ್ತಾ ಹೋದರು. ಎಣಿಕೆಯ ಹೊತ್ತಾದಾಗ ಮರದ ಒಂದು ಕೊಂಬೆ ಮುಗಿದಿತ್ತು. ‘ಸಾಕು, ಈ ಕೊಂಬೇಲೇ ನೆರಳೈತೆ’ ಎಂದು ಕೆಳಗೆ ತಮ್ಮ ಹೆಸರನ್ನು ಬರೆಯಲು ನನಗೆ ಹೇಳಿದರು. ಹೆಸರನ್ನೂ ಅವರೇ ಬರೆಯುವಂತಾಗಲು ಮುಂದೆ ಐದು ವಾರ ಹಿಡಿಯಿತು.

ತಿದ್ದುವ ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿ ಪಾಲಿಸುವ ನಿಯಮವೆಂದರೆ ಶಿಕ್ಷಕನ ಪೆನ್ಸಿಲ್ ವಿದ್ಯಾರ್ಥಿಯ ಹಾಳೆಯನ್ನು ಮುಟ್ಟಕೂಡದು. ಏನನ್ನಾದರೂ ತೋರಿಸಬೇಕಾದರೆ ಪಕ್ಕದಲ್ಲಿ ಬೇರೊಂದು ತುಂಡು ಕಾಗದದ ಮೇಲೆ ತೋರಿಸಿ. ಅದನ್ನು ತನ್ನ ಚಿತ್ರಕ್ಕೆ ತೆಗೆದುಕೊಳ್ಳುವುದೋ ಬಿಡುವುದೋ ಅವನ ಇಷ್ಟ. ಸಿನಿಮಾ ನಟರ ಚಿತ್ರ, ದೇವರ ಚಿತ್ರ, ಮಗುವಿನ ಫೋಟೋ ನೋಡಿ ಬರೆದ ಚಿತ್ರ ಇವುಗಳನ್ನೆಲ್ಲ ನಕಲು ಎಂದು ತಳ್ಳಿಹಾಕುವ ಕಲಾವಿದರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಮಗಳ ಫೋಟೋದಲ್ಲಿರುವ ರಿಬ್ಬನ್ನನ್ನು ನಾಲ್ಕು ಸಲ ಅಳಿಸಿ ಬರೆಯುವವನು ನೋಡುವುದನ್ನು ಕಲಿಯುತ್ತಿದ್ದಾನೆ, ನಮಗೆ ಬೇಕಾದುದೂ ಅದೇ.

ದೂರದ ದೃಶ್ಯವನ್ನು ಕಲಿಸುವಾಗ ಒಂದು ವಿಶೇಷ ತೊಡಕು ಎದುರಾಗುತ್ತದೆ. ವರ್ಷಗಟ್ಟಲೆ ಗೋಡೆಯೊಳಗಿದ್ದವರ ಕಣ್ಣಿಗೆ ಕೆಲವೇ ಮಾರುಗಳಾಚೆಗೆ ಏನೂ ಸಿಕ್ಕಿರುವುದಿಲ್ಲ. ದಿಗಂತದ ಗೆರೆಯ ಬಗ್ಗೆ ಹೇಳಿದರೆ ಅದನ್ನು ಹೊರಳಿ ನೋಡಲು ಅವರಿಗೆ ದಿಗಂತವೇ ಇಲ್ಲ. ಜೈಲಿನಲ್ಲಿ ನಿಜವಾಗಿ ದೂರವಿರುವುದು ಆಕಾಶ ಒಂದೇ. ಆದ್ದರಿಂದ ಅಂಗಳದಲ್ಲಿ ಕುಳಿತು ಮೋಡಗಳಿಂದ ಆರಂಭಿಸುತ್ತೇನೆ. ಹತ್ತಿರದ ಮೋಡದ ಅಂಚು ಗಟ್ಟಿಯಾಗಿ, ದೂರದ್ದು ಮಸುಕಾಗಿ ಕಾಣುವುದನ್ನು ಪಾಸ್ಟೆಲಿನಲ್ಲಿ ತರುವಷ್ಟರಲ್ಲಿ ದೂರವನ್ನು ಬರೆಯುವ ಉಪಾಯ ಕೈಗೆ ಹತ್ತಿರುತ್ತದೆ. ಜೈಲಿನ ಗೋಡೆ, ಕಾವಲು ಗೋಪುರ, ಗೇಟುಗಳ ಜೋಡಣೆ ಇವುಗಳನ್ನು ಅಭ್ಯಾಸದ ವಸ್ತುವಾಗಿ ಕೊಡಬಾರದು. ಅಂಥ ಚಿತ್ರ ಭದ್ರತೆಯ ಪ್ರಶ್ನೆಯಾಗಿ ಬರೆದವನನ್ನೇ ತೊಂದರೆಗೆ ದೂಡಬಹುದು.

ಹಸೆ ಚಿತ್ತಾರ ಎಂಬ ವರ

ಜೈಲಿಗೆಂದೇ ಹೇಳಿ ಮಾಡಿಸಿದಂತಿರುವ ಕಲೆಯೊಂದು ನಮ್ಮ ಮಲೆನಾಡಿನಲ್ಲಿದೆ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಮದುವೆಯ ಸಂದರ್ಭದಲ್ಲಿ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಬೇಕಾದುದು ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು ಮತ್ತು ಪುಂಡಿ ನಾರಿನ ಕುಂಚ. ಗೇಟಿನಲ್ಲಿ ಆಕ್ಷೇಪಣೆಗೆ ಒಳಗಾಗುವ ವಸ್ತು ಇದರಲ್ಲಿ ಹೆಚ್ಚುಕಡಿಮೆ ಇಲ್ಲ. ನಾರು ಉದ್ದವಿದ್ದರೆ ಹಗ್ಗವೆಂದು ತಡೆಯುತ್ತಾರೆ, ಆದ್ದರಿಂದ ಬೆರಳುದ್ದಕ್ಕೆ ಕತ್ತರಿಸಿ, ಒಂದು ತುದಿಯನ್ನು ಜಜ್ಜಿ ಮೊದಲೇ ಕುಂಚ ಮಾಡಿಕೊಂಡು ಹೋಗಿ. ಕೆಮ್ಮಣ್ಣನ್ನು ಎರಡು ದಿನ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಕಾಗದದ ಮೇಲೆ ಉದುರದಂತೆ ಸ್ವಲ್ಪ ಫೆವಿಕಾಲ್ ಬೆರೆಸಬೇಕು. ಅಕ್ಕಿಹಿಟ್ಟು ಮಾತ್ರ ಅಂದಂದಿನದೇ ಆಗಿರಬೇಕು, ಮರುದಿನಕ್ಕೆ ಹುಳಿ ಬಂದು ವಾಸನೆ ಹೊಡೆಯುತ್ತದೆ.

ಚಿತ್ತಾರದಲ್ಲಿ ಎಲ್ಲವೂ ಗೆರೆಯ ಮೇಲೆ ನಿಂತಿದೆ. ಚೌಕ, ಅದರೊಳಗೆ ಅಡ್ಡಗೆರೆ, ಓರೆಗೆರೆ, ಮತ್ತೆ ಅದರೊಳಗೆ ಸಣ್ಣ ಚೌಕ. ಮುಖವನ್ನು ಹೋಲುವಂತೆ ಬರೆಯಬೇಕೆಂಬ ಭಯ ಇಲ್ಲಿಲ್ಲ. ಸಂಪ್ರದಾಯದಲ್ಲಿಯೂ ಇದನ್ನು ಹಲವು ಹೆಂಗಸರು ಸೇರಿ, ಹಾಡು ಹೇಳುತ್ತಾ ಬರೆಯುತ್ತಾರೆ. ಅದೇ ರೀತಿ ಆರೇಳು ಜನರನ್ನು ಒಂದು ದೊಡ್ಡ ಹಾಳೆಯ ಸುತ್ತ ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಚೌಕವನ್ನು ಬಿಟ್ಟುಕೊಡಿ. ಪಕ್ಕದವನ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ತನ್ನದನ್ನು ಹೊರಡಿಸಬೇಕಾದುದರಿಂದ ಮಾತನಾಡದೇ ಗತ್ಯಂತರವಿಲ್ಲ. ಕನ್ನಡ ಬಾರದವರು, ಒಂದೇ ಬ್ಯಾರಕ್ಕಿನಲ್ಲಿದ್ದೂ ಮುಖ ನೋಡದವರು ಈ ಹಾಳೆಯ ಸುತ್ತ ಗೆರೆಯ ಬಗ್ಗೆ ಚರ್ಚಿಸುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಇದು ಯಾರ ಕಲೆ, ಯಾವ ಊರಿನದು ಎಂಬುದನ್ನು ಅವರಿಗೆ ಹೇಳಿಯೇ ಆರಂಭಿಸಬೇಕು. ದೀವರ ಹೆಸರು ಹೇಳದೆ ಚಿತ್ತಾರ ಕಲಿಸುವುದು ನ್ಯಾಯವಲ್ಲ.

ಕೇಳಬಾರದ ಪ್ರಶ್ನೆ, ಕೊಡಬಾರದ ಭರವಸೆ

ಯಾವ ಕೇಸಿನಲ್ಲಿ ಬಂದಿದ್ದೀರಿ ಎಂದು ಯಾರನ್ನೂ ಕೇಳಬೇಡಿ. ಅವರಾಗಿಯೇ ಹೇಳಲು ಬಂದರೆ ಕೇಳಿಸಿಕೊಳ್ಳಿ, ಆದರೆ ಆ ಘಟನೆಯನ್ನು ಚಿತ್ರವಾಗಿ ಬರೆಯಲು ಪ್ರೋತ್ಸಾಹಿಸಬೇಡಿ. ವಿಚಾರಣೆ ನಡೆಯುತ್ತಿರುವಾಗ ಅಂಥ ಚಿತ್ರ ಯಾರ ಕೈಗೆ ಹೇಗೆ ಸಿಗುತ್ತದೆ ಎಂದು ಹೇಳಲಾಗದು. ಎಲ್ಲರನ್ನೂ ಹೆಸರು ಹಿಡಿದು, ಬಹುವಚನದಲ್ಲಿ ಮಾತನಾಡಿಸಿ. ಹೊರಗಿನ ಯಾರಿಗೂ ಚೀಟಿ, ಫೋನ್ ನಂಬರು, ಸುದ್ದಿ ಒಯ್ಯಬೇಡಿ. ‘ಹೆಂಡ್ತಿಗೆ ಒಂದ್ ಮಾತು ಹೇಳಿ ಸಾರ್’ ಎಂದು ಕಣ್ಣೀರು ಹಾಕಿದರೂ ಇದರಲ್ಲಿ ಸಡಿಲ ಬಿಡುವಂತಿಲ್ಲ. ಒಂದು ಸಲ ಒಯ್ದರೆ ತರಗತಿ ಎಲ್ಲರಿಗೂ ನಿಂತುಹೋಗುತ್ತದೆ. ಅವರನ್ನು ಜೈಲಿನ ಕಲ್ಯಾಣಾಧಿಕಾರಿಯ ಬಳಿಗೋ ಉಚಿತ ಕಾನೂನು ನೆರವಿನ ವಕೀಲರ ಬಳಿಗೋ ಕಳಿಸಬೇಕು. ಚಿತ್ರ ಬರೆದರೆ ಶಿಕ್ಷೆ ಕಡಿಮೆಯಾಗುತ್ತದೆ, ಜಾಮೀನು ಸಿಗುತ್ತದೆ ಎಂಬ ಭರವಸೆಯನ್ನು ಮಾತಿನ ಭರದಲ್ಲಿಯೂ ಕೊಡಬೇಡಿ. ಹಾಳೆಯಲ್ಲಿ ಅಥವಾ ಮಾತಿನಲ್ಲಿ ಸಾಯುವ ಯೋಚನೆಯ ಸುಳಿವು ಕಂಡರೆ ಅಂದೇ, ಗೇಟು ದಾಟುವ ಮೊದಲೇ, ವೈದ್ಯರಿಗೆ ಅಥವಾ ಆಪ್ತಸಮಾಲೋಚಕರಿಗೆ ತಿಳಿಸಿ.

ಕಾವಲಿಗೆ ನಿಂತ ವಾರ್ಡರಿಗೂ ಒಂದು ಹಾಳೆ ಕೊಡಿ. ಬಹಳಷ್ಟು ಮಂದಿ ಬೇಡವೆನ್ನುತ್ತಾರೆ, ಕೆಲವರು ಬರೆಯುತ್ತಾರೆ. ಬರೆದವರು ಮುಂದೆ ತರಗತಿಯ ಬೆಂಬಲಕ್ಕೆ ನಿಲ್ಲುತ್ತಾರೆ.

ಮಹಿಳಾ ವಿಭಾಗದಲ್ಲಿ ಶಿಕ್ಷಕಿಯರೇ ಕಲಿಸುವುದು ಉತ್ತಮ. 2006ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಆರು ವರ್ಷದವರೆಗಿನ ಮಕ್ಕಳು ತಾಯಿಯ ಜೊತೆ ಜೈಲಿನಲ್ಲಿ ಇರಬಹುದು. ಆದ್ದರಿಂದ ತಾಯಂದಿರ ತರಗತಿಗೆ ಮಕ್ಕಳೂ ಬರುತ್ತಾರೆಂದೇ ಲೆಕ್ಕ ಹಾಕಿ ಕ್ರೇಯಾನು, ಹಾಳೆ ಒಯ್ಯಬೇಕು. ಹಸು, ಬಸ್ಸು, ಜಾತ್ರೆ ಎಂದರೆ ಏನೆಂದು ಕಣ್ಣಾರೆ ಕಾಣದ ಮಗುವಿಗೆ ತಾಯಿ ಅವನ್ನು ಬರೆದು ತೋರಿಸುವುದೇ ಅಲ್ಲಿನ ದೊಡ್ಡ ಪಾಠ.

ಪ್ರದರ್ಶನ ಮತ್ತು ಕಡತ

ಚಿತ್ರಗಳನ್ನು ಹೊರಗೆ ತೋರಿಸಬೇಕೆಂಬ ಉತ್ಸಾಹ ಎಲ್ಲರಿಗೂ ಬರುತ್ತದೆ. ಬರೆದವರ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಚಿತ್ರವನ್ನೂ ಹೊರಗೆ ಒಯ್ಯಬೇಡಿ. ಒಪ್ಪಿದರೂ ಹೆಸರು ಹಾಕುವ ಬಗ್ಗೆ ಎರಡು ಸಲ ಯೋಚಿಸಿ. ನಾನು ಭಾಗವಹಿಸಿದ ಒಂದು ಪ್ರದರ್ಶನದಲ್ಲಿ ಪೂರ್ತಿ ಹೆಸರು ಹಾಕಿದ್ದೆವು. ಎರಡನೆಯ ದಿನ ಒಬ್ಬರ ತಂಗಿ ಬಂದು, ತನ್ನ ಗಂಡನ ಮನೆಯವರಿಗೆ ಅಣ್ಣ ಜೈಲಿನಲ್ಲಿರುವುದು ತಿಳಿದಿಲ್ಲವೆಂದು ಕೈಮುಗಿದು ಹೆಸರು ತೆಗೆಸಿದರು. ಅಣ್ಣನ ಒಪ್ಪಿಗೆ ನಮ್ಮ ಬಳಿ ಇತ್ತು, ತಂಗಿಯ ಬದುಕಿನ ಬಗ್ಗೆ ನಾವು ಯೋಚಿಸಿರಲಿಲ್ಲ. ಬ್ರಿಟನ್ನಿನಲ್ಲಿ 1962ರಿಂದ ನಡೆದು ಬಂದಿರುವ ಕೋಸ್ಲರ್ ಪ್ರಶಸ್ತಿಗಳ ಪ್ರದರ್ಶನದಲ್ಲಿ ಬಂದಿಗಳ ಹೆಸರನ್ನು ಹಾಕುವುದಿಲ್ಲ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಸ್ವತಃ ಜೈಲಿನಲ್ಲಿದ್ದ ಲೇಖಕ ಆರ್ಥರ್ ಕೋಸ್ಲರ್ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಚಿತ್ರ ಕಳಿಸಿದವರಿಗೆ ಬರಹದ ಪ್ರತಿಕ್ರಿಯೆಯನ್ನೂ ಕಳಿಸಿಕೊಡುವ ಪದ್ಧತಿಯಿದೆ. ಅದನ್ನು ನಾವೂ ಅನುಸರಿಸಬಹುದು. ನೋಡಲು ಬಂದವರಿಂದ ಒಂದೊಂದು ಚಿತ್ರದ ಬಗ್ಗೆ ಎರಡು ಸಾಲು ಬರೆಸಿಕೊಂಡು, ಅಧಿಕಾರಿಗಳಿಗೆ ತೋರಿಸಿ, ಬರೆದವರಿಗೆ ಓದಿ ಹೇಳಿ. ಚಿತ್ರ ಮಾರಾಟವಾದರೆ ಹಣ ಜೈಲಿನಲ್ಲಿರುವ ಆ ಬಂದಿಯ ಖಾತೆಗೇ ಜಮೆಯಾಗುವಂತೆ ಮೊದಲೇ ಲಿಖಿತವಾಗಿ ಗೊತ್ತುಮಾಡಿಕೊಳ್ಳಬೇಕು.

ಕೊನೆಯದಾಗಿ, ಪ್ರತಿಯೊಬ್ಬರಿಗೂ ಒಂದು ರಟ್ಟಿನ ಕಡತ ಮಾಡಿ, ಮೇಲೆ ಹೆಸರು ಬರೆದು, ಅವರ ಹಾಳೆಗಳನ್ನೆಲ್ಲ ಅದರಲ್ಲಿಡಿ. ಬ್ಯಾರಕ್ಕಿನಲ್ಲಿ ಇಟ್ಟುಕೊಂಡರೆ ಒದ್ದೆಯಾಗುತ್ತದೆ, ತಪಾಸಣೆಯಲ್ಲಿ ಹರಿಯುತ್ತದೆ. ಗ್ರಂಥಾಲಯದ ಬೀರುವಿನಲ್ಲಿ ಜಾಗ ಕೇಳಿ. ಒಂದು ವಾರ ಯಾರಾದರೂ ಬರದಿದ್ದರೆ ಬಿಡುಗಡೆಯೋ ವರ್ಗಾವಣೆಯೋ ಎಂದು ಜೈಲರ್ ಅವರನ್ನು ಕೇಳಿ ತಿಳಿದುಕೊಳ್ಳಿ. ವರ್ಗವಾಗಿದ್ದರೆ ಕಡತವನ್ನು ಆ ಜೈಲಿಗೆ ತಲುಪಿಸುವಂತೆ ಬರೆದುಕೊಡಿ. ಬಿಡುಗಡೆಯಾಗಿದ್ದರೆ, ಅವರ ಸಾಮಾನುಗಳ ಜೊತೆ ಕಡತವನ್ನೂ ಗೇಟಿನಲ್ಲಿ ಕೊಟ್ಟರೇ ಎಂದು ವಿಚಾರಿಸಿ. ಹುಣಸೆಮರ ಬರೆದ ಹಿರಿಯರಿಗೆ ಹಾಗೆ ಕೊಡುವುದು ತಪ್ಪಿಹೋಗಿತ್ತು. ನಾಲ್ಕು ತಿಂಗಳ ನಂತರ ಅವರೇ ಊರಿನಿಂದ ಬಸ್ಸು ಹತ್ತಿ ಬಂದು, ಜೈಲಿನ ಗೇಟಿನ ಮುಂದೆ ನಿಂತು, ನನ್ನ ಚಿತ್ರಗಳು ಒಳಗಿವೆ, ಕೊಡಿ ಎಂದು ಕೇಳಿ ಪಡೆದುಕೊಂಡು ಹೋದರು.